ಮಾಸ್ಟರ್‌ನ ಸ್ವಂತ ವೀಸಾ

ಬೀದಿಯ ತುದಿಯ ಟೈಲರ್ ಅಂಗಡಿಯಲ್ಲಿ ಕತ್ತರಿ ಹಿಡಿಯುವವನನ್ನು ಎಲ್ಲರೂ ಮಾಸ್ಟರ್ ಎನ್ನುತ್ತಿದ್ದರು. ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್, ಹಾಗಾಗಿ ಊರಿಗೆಲ್ಲ ಸಿಸ್ಟರ್. ಬಾಯಿ ತಪ್ಪಿ ಕೆಲವು ಸಲ ಗಂಡನೂ ಹಾಗೇ ಕರೆದುಬಿಡುತ್ತಿದ್ದ. ಆಗ ಅವಳು "ಏನಣ್ಣ?" ಎಂದು ಕೇಳಿ ಅವನ ಮುಖ ಕೆಂಪಾಗಿಸುತ್ತಿದ್ದಳು. ಎರಡು ಕೋಣೆಯ ಮನೆ. ಒಂದರಲ್ಲಿ ಅವಳ ಸಮವಸ್ತ್ರ ನೇತಾಡುತ್ತಿತ್ತು, ಇನ್ನೊಂದರಲ್ಲಿ ಅವನು ಮನೆಗೆ ಹೊತ್ತು ತಂದ ಅರ್ಧ ಹೊಲಿದ ಕೋಟುಗಳು. ಇಬ್ಬರೂ ದುಡಿಯುತ್ತಿದ್ದರು, ಇಬ್ಬರಿಗೂ ಹೆಸರಿತ್ತು, ಯಾರು ಮೇಲು ಯಾರು ಕೀಳು ಎಂದು ಅಲ್ಲಿ ಯಾರೂ ಅಳತೆ ಹಾಕಿರಲಿಲ್ಲ.

ಹೀಗಿರುವಾಗ ಸಿಸ್ಟರ್‌ಗೆ ಪರದೇಶದ ದೊಡ್ಡ ಆಸ್ಪತ್ರೆಯಿಂದ ಮೂರು ವರ್ಷದ ಕೆಲಸ ಬಂತು. ಮಾಸ್ಟರ್‌ಗೂ ಸಂತೋಷವಾಯಿತು, ಒಂದು ದಿನದ ಮಟ್ಟಿಗೆ. ಮರುದಿನ ಅಂಗಡಿಗೆ ಬಂದ ಗಿರಾಕಿಯೊಬ್ಬ, ಸಿಸ್ಟರ್ ನಿಮ್ಮನ್ನೂ ಕರೆದುಕೊಂಡು ಹೋಗ್ತಾರಂತೆ ಹೌದಾ ಎಂದು ಕೇಳಿದ. ಕರೆದುಕೊಂಡು ಹೋಗುವುದಂತೆ. ಇವನೇನು ಕಂಕುಳ ಕೂಸೇ? ಅವತ್ತಿನಿಂದ ಮಾಸ್ಟರ್‌ನ ಹೊಟ್ಟೆಯೊಳಗೆ ಏನೋ ಹೊತ್ತಿಕೊಂಡಿತು. ಅದಕ್ಕೆ ಸ್ವಾಭಿಮಾನ ಎಂದು ಅವನು ಹೆಸರಿಟ್ಟ. ನಾವು ಸುಳ್ಳು ಹೇಳುವುದು ಬೇಡ, ಅದು ಶುದ್ಧ ಹೊಟ್ಟೆಕಿಚ್ಚು, ಅದೂ ಕಟ್ಟಿಕೊಂಡ ಹೆಂಡತಿಯ ಮೇಲೆ.

ವೀಸಾ ಏಜೆಂಟ್ ಒಳ್ಳೆಯ ಮನುಷ್ಯ, ಬಿಡಿಸಿ ಬಿಡಿಸಿ ಹೇಳಿದ. ವರ್ಕ್ ವೀಸಾ ಬೇಕೆಂದರೆ ಅಲ್ಲಿಂದ ಯಾರಾದರೂ ಕೆಲಸ ಕೊಟ್ಟು ಕರೆಯಬೇಕು. ವಿಸಿಟರ್ ವೀಸಾ ಸುಲಭ, ಆದರೆ ಆರು ತಿಂಗಳಿಗೆ ಗಂಟುಮೂಟೆ ಕಟ್ಟಬೇಕು, ಅಷ್ಟು ದಿನವೂ ಕೂಲಿಗೆಂದು ಸೂಜಿ ಮುಟ್ಟುವ ಹಾಗಿಲ್ಲ. ಮೂರನೆಯದು ಹೆಂಡತಿಯ ಫೈಲಿನಲ್ಲೇ ಗಂಡನಾಗಿ ಹೋಗುವುದು. ಅವಳಿರುವಷ್ಟು ದಿನ ಇವನೂ ಇರಬಹುದು, ಬೇಕಾದರೆ ಅಂಗಡಿಯನ್ನೇ ತೆರೆಯಬಹುದು.

"ಕಣ್ಣು ಮುಚ್ಕೊಂಡು ಡಿಪೆಂಡೆಂಟ್ ವೀಸಾ ಹಾಕಿ ಮಾಸ್ಟರ್."

"ಹಾಗಂದ್ರೆ?"

"ಸಿಸ್ಟರ್ ಮೇಲೆ ಅವಲಂಬಿತರು ಅಂತ."

ಸಿಸ್ಟರ್ ಸಹಿ ಹಾಕಲು ಆಗಲೇ ಪೆನ್ನು ತೆಗೆದಿದ್ದಳು. ಮಾಸ್ಟರ್ ತಿರುಗುವ ಫ್ಯಾನನ್ನೇ ನೋಡುತ್ತ ಕುಳಿತ.

ಇದು ಸಾಲದೆಂದು ಆ ಎಕ್ಸ್‌ರೇ ಬಂದ. ಸಿಸ್ಟರ್‌ನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು, ಆ ಹೆಸರಿನಿಂದಲೇ ಎಲ್ಲರೂ ಕರೆಯುತ್ತಿದ್ದರು. ಅವನೂ ಅದೇ ದೇಶಕ್ಕೆ, ಅದೇ ವಿಮಾನದಲ್ಲಿ ಹೊರಟಿದ್ದ. ಕೋಟು ಬೇಕೆಂದ. ಟೇಪು ಸುತ್ತುವಾಗ, ಹೊಟ್ಟೆಯ ಕಡೆ ಒಂದಿಂಚಾದರೂ ಹೆಚ್ಚಿರಲಿ ಎಂದು ಮಾಸ್ಟರ್ ದೇವರನ್ನು ಬೇಡಿಕೊಂಡ. ದೇವರು ಕಿವಿಗೊಡಲಿಲ್ಲ. ಭುಜಕ್ಕೆ ಹತ್ತಿ ತುಂಬುವ ಅಗತ್ಯವೇ ಇಲ್ಲದ ಮೈಕಟ್ಟು. ಇವನು ನನ್ನ ಹೆಂಡತಿಯ ಸರಿಸಮನಾಗಿ ಹೋಗುತ್ತಾನೆ, ನಾನು ಅವಳ ಹಿಂದೆ ಹೋಗಬೇಕು ಎಂದು ನೆನೆದಾಗಲೆಲ್ಲ ಮಾಸ್ಟರ್ ಹಲ್ಲು ಕಡಿಯುತ್ತಿದ್ದ. ಮನೆಯಲ್ಲಿ ಸಿಸ್ಟರ್ ಎಕ್ಸ್‌ರೇ ಎಂದು ಬಾಯಿ ತೆಗೆದರೆ ಸಾಕು, ತಟ್ಟೆ ಬಿಟ್ಟು ಎದ್ದುಬಿಡುತ್ತಿದ್ದ. ಅವಳೂ ಆ ಮಾತು ಎತ್ತುವುದನ್ನು ಬಿಟ್ಟಳು.

ಕೊನೆಗೆ ಮಾಸ್ಟರ್ ಮಹಾ ಉಪಾಯವೊಂದನ್ನು ಹೂಡಿದ. ಹೆಂಡತಿಯ ಫೈಲಿಗೆ ಪಿಟ್ಟೆನ್ನದೆ ಸಹಿ ಹಾಕಿದ. ಅವಳಿಗೆ ಹೇಳದೆ ಇನ್ನೊಬ್ಬ ಏಜೆಂಟನ್ನು ಹಿಡಿದು, ತನ್ನ ಹೆಸರಲ್ಲಿ ವಿಸಿಟರ್ ವೀಸಾಕ್ಕೂ ಅರ್ಜಿ ಹಾಕಿಸಿದ. ಅದು ಮೊದಲು ಬಂದುಬಿಟ್ಟರೆ ಅವಳ ಮುಂದೆ ಹಿಡಿದು, ನೋಡು, ನಾನು ನನ್ನ ಪಾಡಿಗೆ ಬರುತ್ತೇನೆ ಎನ್ನಬಹುದು. ಆರು ತಿಂಗಳಾದ ಮೇಲೆ ಏನು ಎಂಬ ಪ್ರಶ್ನೆ ಅವನ ತಲೆಯ ಹತ್ತಿರವೂ ಸುಳಿಯಲಿಲ್ಲ.

ಸಂದರ್ಶನದ ದಿನ ಗಾಜಿನಾಚೆ ಕೋಟು ತೊಟ್ಟ ಅಧಿಕಾರಿ ಕೂತಿದ್ದ. ಅಲ್ಲಿ ನಿಮಗೆ ಯಾರಿದ್ದಾರೆ ಎಂದು ಕೇಳಿದ. ಯಾರೂ ಇಲ್ಲ ಎಂದ ಮಾಸ್ಟರ್. ಹೆಂಡತಿ? ಮನೆಯಲ್ಲಿದ್ದಾಳೆ. ಅಲ್ಲಿ ಕೆಲಸ ಮಾಡುವ ಉದ್ದೇಶವಿದೆಯೇ? ಛೆ, ಸುಮ್ಮನೆ ನೋಡಿಕೊಂಡು ಬರುವುದು. ಎಲ್ಲ ಸಲೀಸಾಗಿ ಮುಗಿಯುತ್ತಿತ್ತೋ ಏನೋ, ಅಷ್ಟರಲ್ಲಿ ಅಧಿಕಾರಿ ಯಾವುದೋ ಕಾಗದಕ್ಕೆಂದು ಎದ್ದು ನಿಂತ. ಕೋಟಿನ ಎಡಭುಜ ಜೋತು ಬಿದ್ದಿತ್ತು. ಮಾಸ್ಟರ್‌ಗೆ ತಡೆಯಲಾಗಲಿಲ್ಲ.

"ಸರ್, ಆ ಭುಜ ಕೆಟ್ಟಿದೆ. ನಾನು ಅಲ್ಲಿಗೊಂದ್ಸಲ ಹೋದ್ರೆ ಸಾಕು, ಇಂಥವು ಎಷ್ಟೋ ಬಿಚ್ಚಿ ಸರಿ ಮಾಡಿಕೊಡ್ತೀನಿ ನೋಡಿ."

ವೀಸಾ ಆಗಲಿಲ್ಲ. ಅಷ್ಟಕ್ಕೇ ನಿಲ್ಲಲೂ ಇಲ್ಲ. ಒಂದು ಅರ್ಜಿಯಲ್ಲಿ ಹೆಂಡತಿಯ ಜೊತೆ ಇರಲು ಹೊರಟವನು, ಇನ್ನೊಂದರಲ್ಲಿ ಅಲ್ಲಿ ಯಾರೂ ಇಲ್ಲ ಎಂದವನು. ಎರಡನ್ನೂ ಜೋಡಿಸಿ ನೋಡಿ ಡಿಪೆಂಡೆಂಟ್ ಅರ್ಜಿಯನ್ನೂ ತಡೆಹಿಡಿದರು. ಯಾವಾಗ ಬಿಡುತ್ತಾರೋ, ಬಿಡುತ್ತಾರೋ ಇಲ್ಲವೋ ಹೇಳಲಾರೆ ಎಂದು ಮೊದಲಿನ ಏಜೆಂಟ್ ಸಿಸ್ಟರ್‌ಗೆ ಫೋನು ಮಾಡಿ ಕೈ ಚೆಲ್ಲಿದ.

ಸಿಸ್ಟರ್ ಕೂಗಾಡಲಿಲ್ಲ. ಅವನು ಹೊಲಿಯುತ್ತಿದ್ದ ಕೋಣೆಯ ಬಾಗಿಲಲ್ಲಿ ಬಂದು ನಿಂತಳು.

"ಅಲ್ಲಿ ಯಾರೂ ಇಲ್ಲ ಅಂದ್ರಂತೆ?"

ಮಾಸ್ಟರ್ ಸೂಜಿಗೆ ನೂಲು ಪೋಣಿಸತೊಡಗಿದ.

"ನನ್ನ ಸಂದರ್ಶನದಲ್ಲೂ ಕೇಳಿದ್ರು, ಒಬ್ರೇ ಹೋಗ್ತೀರಾ ಅಂತ. ನಮ್ಮನೆಯವರಿಲ್ದೆ ಹೋಗಲ್ಲ ಅಂದಿದ್ದೆ." ನೆಲಕ್ಕೆ ಬಿದ್ದಿದ್ದ ಟೇಪನ್ನು ಎತ್ತಿ ಅವನ ಪಕ್ಕಕ್ಕಿಟ್ಟು ಹೇಳಿದಳು, "ಈಗ ಹೋಗ್ತೀನಿ ರೀ."

ಹೊರಡುವ ದಿನ ವಿಮಾನ ನಿಲ್ದಾಣದ ಬಾಗಿಲಲ್ಲಿ ಎಕ್ಸ್‌ರೇ ಸಿಕ್ಕಿದ. ಜೊತೆಗೆ ಅವನ ಹೆಂಡತಿ, ಅದೇ ಆಸ್ಪತ್ರೆಯ ಲ್ಯಾಬಿನವಳು. ಇಬ್ಬರ ಪಾಸ್‌ಪೋರ್ಟುಗಳೂ ಅವಳ ಕೈಯಲ್ಲೇ ಇದ್ದವು. ದೊಡ್ಡ ಕೆಲಸ ಹಿಡಿದುಬಿಟ್ಟಿರಿ ಎಂದು ಮಾಸ್ಟರ್ ಒಣ ನಗೆ ನಕ್ಕ.

"ನಂಗೆಲ್ಲಿಯ ಕೆಲಸ ಮಾಸ್ಟರ್? ಸಿಕ್ಕಿದ್ದು ಇವಳಿಗೆ. ನಾನು ಇವಳ ಡಿಪೆಂಡೆಂಟು. ಹೋದ್ಮೇಲೆ ಹುಡುಕ್ಕೋಬೇಕು."

ಹೊರಗೆ ಬಿಸಿಲಿದೆ ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದ. ಮಾಸ್ಟರ್ ಹೆಂಡತಿಯ ಕಡೆ ತಿರುಗಿ, ನನಗ್ಯಾಕೆ ಹೇಳಲಿಲ್ಲ ಎಂದ.

"ಹೇಳೋಕೆ ಬಂದಾಗೆಲ್ಲ ಎದ್ದು ಹೋಗ್ತಿದ್ರಲ್ಲ."

ಟಿಕೆಟ್ ಇಲ್ಲದವರು ಅಲ್ಲೇ ನಿಲ್ಲಬೇಕಿತ್ತು. ಸಿಸ್ಟರ್ ಅವನ ಅಂಗಿಯ ಕಾಲರು ಸರಿಪಡಿಸಿ, ಫೋನು ಮಾಡುತ್ತೇನೆಂದು ಒಳಗೆ ನಡೆದಳು. ಅವಳ ಚೀಲವನ್ನೂ ತನ್ನ ತಳ್ಳುಗಾಡಿಯ ಮೇಲೇರಿಸಿಕೊಂಡು ಎಕ್ಸ್‌ರೇ ತನ್ನ ಹೆಂಡತಿಯ ಹಿಂದೆ ಹಿಂದೆ ಹೋದ. ಅವಳು ನಿಂತಲ್ಲಿ ನಿಂತ, ತಿರುಗಿದಲ್ಲಿ ತಿರುಗಿದ. ಮಾಸ್ಟರ್‌ಗೆ ಅವನ ಮೇಲೆ ಮತ್ತೆ ಹೊಟ್ಟೆ ಉರಿಯಿತು, ಈ ಸಲ ಸರಿಯಾದ ಕಾರಣಕ್ಕೆ.