ಇನ್ನೊಂದ್ಸಲ ಮೇಷ್ಟ್ರು

ನಮ್ಮ ಪಾಲಿಮರ್ ಲ್ಯಾಬಿನ ವೃಷಭೇಂದ್ರಪ್ಪ ಮೇಷ್ಟ್ರು, ನಾವು ಯಾವ ಫಲಿತಾಂಶ ತಂದು ತೋರಿಸಿದರೂ ಕನ್ನಡಕವನ್ನು ವಿಭೂತಿಯ ಮೇಲಕ್ಕೇರಿಸಿ ಒಂದೇ ಮಾತು ಹೇಳುತ್ತಿದ್ದರು: “ಇನ್ನೊಂದ್ಸಲ ಮಾಡಯ್ಯ.” ಮೂರು ಸಲ ಹಾಗೇ ಬರದಿದ್ದರೆ ಅದು ಬಂದದ್ದೇ ಅಲ್ಲ ಎಂಬುದು ಅವರ ಮತ. ದೇವರಾಜ ಮಾರುಕಟ್ಟೆಯಲ್ಲಿ ಬದನೆಕಾಯಿಯನ್ನು ಮೂರು ಸಲ ತೂಗಿಸಿ ಸರಾಸರಿ ತೆಗೆದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ತರಕಾರಿಯಾಕೆ ತೆರೆದ ಬಾಯಿ ಮುಚ್ಚಲಿಲ್ಲ. ನನ್ನ ಜೊತೆಯ ಅಕ್ಷತಾ ಲಗ್ನಪತ್ರಿಕೆ ಕೊಟ್ಟಾಗ, “ಹುಡುಗನ್ನ ಎಷ್ಟು ಸಲ ನೋಡಿದ್ದೀಯಮ್ಮ?” ಎಂದರು. ಒಂದೇ ಸಲ ಎಂದು ಕೇಳಿ ಹೌಹಾರಿಬಿಟ್ಟರು. ಭಾನುವಾರವೂ ಒಬ್ಬರೇ ಲ್ಯಾಬಿಗೆ ಬರುತ್ತಿದ್ದರು. ಕಾಫಿಯನ್ನು ಮೂರು ಸಲ ಮಾಡಲೊಪ್ಪದೆ ಹೆಂಡತಿ ನೀಲಮ್ಮನವರೇ ಅಟ್ಟಿರಬೇಕೆಂದು ನಾವು ನಗುತ್ತಿದ್ದೆವು. ಅವರು ಹೆಸರು ಮಾಡಿದ್ದು ಆಗ್ಗೆ ಹದಿನಾರು ವರ್ಷದ ಹಿಂದಿನ ಒಂದು ಪಾಲಿಮರ್ ಹಾಳೆಯಿಂದ. ಬಿಸಿ ಮಾಡಿದರೆ ನೀಲಿ ಹೋಗಿ ಕೆಂಪಾಗಿ, ಆರಿದರೆ ಮತ್ತೆ ನೀಲಿಯಾಗುವ ಹಾಳೆ ಅದು. ನನ್ನ ಪಿಎಚ್‌ಡಿಯೂ ಅದರ ಮೇಲೆಯೇ. ನಾನು ಮಾಡಿದ ಹಾಳೆಗಳು ಆರಿದರೂ ನೀಲಿಗೆ ತಿರುಗುತ್ತಿರಲಿಲ್ಲ. ನನ್ನ ಕೈಯೇ ಸರಿಯಿಲ್ಲವೆಂದು ಮೂರು ವರ್ಷ ನನ್ನನ್ನೇ ಬೈದುಕೊಂಡಿದ್ದೆ. ೨೦೦೨ರ ಒಂದು ಭಾನುವಾರ, ಮರೆತ ನೋಟ್‌ಬುಕ್ಕಿಗೆಂದು ಹೋದವನು ಬಾಗಿಲಲ್ಲೇ ನಿಂತುಬಿಟ್ಟೆ. ಮೇಷ್ಟ್ರು ಅದೇ ಹಾಳೆ ಮಾಡುತ್ತಿದ್ದರು! ಅವರ ಮುಂದಿದ್ದದ್ದು ಪೂರಾ ತಣ್ಣಗಾಗಿತ್ತು, ಆದರೂ ಕೆಂಪಾಗಿಯೇ ಇತ್ತು. ಸದಾ ಬೀಗ ಹಾಕಿರುತ್ತಿದ್ದ ಅವರ ಕಪಾಟು ತೆರೆದಿತ್ತು. ಒಳಗೆ ಒಂದೊಂದು ಭಾನುವಾರದ ತಾರೀಖು ಬರೆದ ನೂರಾರು ಹಾಳೆಗಳು, ಒಂದೂ ಬಿಡದೆ ಕೆಂಪು. “ಅವತ್ತು ಬಂದಿತ್ತು ಕಣಯ್ಯ,” ಎಂದರು ಮೇಷ್ಟ್ರು, ತಲೆ ಎತ್ತದೆ. “ಒಂದೇ ಸಲ.”