ಬರ್ತೀನಿ ಫಾದರ್

"ಗಂಟಿಲ್ಲದ ಮರ ಎಲ್ಲಿದೆ ತೋರಿಸ್ರೀ?" ಎಂದು ಗಿರಾಕಿಗಳನ್ನೇ ಗದರುವ ಬಡಗಿ ಅವನು. ಸೊಟ್ಟ ಹಲಗೆಯಾಗಲಿ ಹುಳ ತಿಂದ ತುಂಡಾಗಲಿ, ಒಲೆಗೆ ಹಾಕಲು ಬಿಡುವವನಲ್ಲ. "ಎಲ್ಲದಕ್ಕೂ ಒಂದು ಜಾಗ ಇರತ್ತೆ" ಎನ್ನುತ್ತಾನೆ. ಚರ್ಚಿನ ಬೆಂಚುಗಳೆಲ್ಲ ಅವನ ಕೈಕೆಲಸವೇ. ತಾನು ಕೂರುವುದು ಮಾತ್ರ ಕಡೆಯ ಬೆಂಚಿನ ತುದಿಯಲ್ಲಿ, ಒಂದು ಕಾಲು ಬಾಗಿಲ ಕಡೆಗೆ ಚಾಚಿ. ಹಾಡುವಾಗ ಎಲ್ಲರಿಗಿಂತ ಜೋರು ದನಿ, ಉಪದೇಶ ಶುರುವಾದರೆ ಎಲ್ಲರಿಗಿಂತ ಮೊದಲು ನಿದ್ದೆ. ಪಾದ್ರಿಗಳು ಪರಮಪ್ರಸಾದದ ರೊಟ್ಟಿ ಎತ್ತಿ ಹಿಡಿದು "ಇದ್ದ ಹಾಗೇ ಬನ್ನಿ" ಎಂದು ಕರೆದರೆ ಸಾಕು, ಧಡಕ್ಕನೆ ಎದ್ದು "ಬರ್ತೀನಿ ಫಾದರ್" ಎಂದು ಗೊಣಗಿ ಹೊರಗೆ ಹೋಗಿಬಿಡುತ್ತಾನೆ. ಹೊರಡುವವನೂ ಬರ್ತೀನಿ ಎನ್ನುವ ಭಾಷೆ ಅವನಿಗೆ ಚೆನ್ನಾಗಿ ಒದಗಿಬಂದಿದೆ. ಯಾರಾದರೂ ಕೇಳಿದರೆ, "ದೇವರು ಕ್ಷಮಿಸ್ತಾನೆ ಕಣ್ರೀ, ಅವನಿಗೇನು, ಏಟು ತಿಂದವನು ಅವನಾ?" ಎಂದು ಸಿಗರೇಟು ಹಚ್ಚುತ್ತಾನೆ. ಒಳಗೆ ಅವನ ಹೆಂಡತಿ, ದೂರದ ಮಾತು ಕೇಳಿಸದೆಂದು, ಮೊದಲ ಬೆಂಚಿನಲ್ಲಿ ಕೂತಿರುತ್ತಾಳೆ. ಕುಡಿದು ಬಂದ ಒಂದು ದಿನ ಅವನು ಹೊಡೆದ ಏಟಿಗೆ ಅವಳ ಎಡಗಿವಿ ಕಿವುಡಾಯಿತು. ಆ ಕಿವಿಯ ಪಕ್ಕದಲ್ಲೇ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಅವಳು ಅಲ್ಲಿ ಕೈಚೀಲ ಇಟ್ಟಿರುತ್ತಾಳೆ. ಯಾರಾದರೂ ಕೂರಲು ಬಂದರೆ ಚೀಲದ ಮೇಲೆ ಕೈಯಿಟ್ಟು, "ಇಲ್ಲಿ ನಮ್ಮನೆಯವರು ಬರ್ತಾರೆ" ಎನ್ನುತ್ತಾಳೆ.