ರೋಟರಿ ರುದ್ರೇಶಪ್ಪನವರು
ಅರಸೀಕೆರೆಯ ಕೊಬ್ಬರಿ ಮಂಡಿಯ ರುದ್ರೇಶಪ್ಪನವರನ್ನು ಧಾರಣೆ ಕೇಳಿದರೆ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಅವರ ಹಳೆಯ ಜಪಾನಿ ಕಾರಿನ ರೋಟರಿ ಇಂಜಿನ್ ಬಗ್ಗೆ ಕೇಳಿದಿರೋ, ನಿಮ್ಮ ರೈಲು ತಪ್ಪಿತೆಂದೇ ಲೆಕ್ಕ. ಕೊಬ್ಬರಿ ಚೂರೊಂದನ್ನು ಮೂರು ಮೂಲೆಯಾಗಿ ಕೆತ್ತಿ, ಕರಟದೊಳಗೆ ಗಿರಗಿರನೆ ತಿರುಗಿಸಿ, "ಪಿಸ್ಟನ್ನೇ ಇಲ್ಲ ಕಣ್ರೀ, ಇಷ್ಟೇ ಇಂಜಿನ್ನು!" ಎನ್ನುತ್ತಾರೆ. ಸೈಲೆನ್ಸರ್ ಬದಲಿಸಿದರು, ಲಾರಿಯ ರೇಡಿಯೇಟರ್ ಕೂರಿಸಿದರು, ಭಾನುವಾರ ಬಂತೆಂದರೆ ಹಳೇಬೀಡಿಗೆ ಹೊರಟರು. ನಾಲ್ಕು ವರ್ಷವಾದರೂ ಕಾರು ದಾರಿ ನಡುವಿನ ಜಾವಗಲ್ ದಾಟಲಿಲ್ಲ. "ಬಿಸಿಯಾಗೈತೆ ಅಷ್ಟೆ, ಕೆಟ್ಟಿಲ್ಲ" ಎನ್ನುತ್ತಲೇ ಯಾರದೋ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸುತ್ತಿದ್ದರು. ಹೆಂಡತಿಗೆ ಚಕ್ರದಡಿ ನಿಂಬೆಹಣ್ಣು ಇಡಲೂ ಬಿಟ್ಟವರಲ್ಲ: "ಹಳೇಬೀಡು ಮುಟ್ಲಿ, ಆಮೇಲೆ ಪೂಜೆ." ಕಳೆದ ಭಾನುವಾರ ಕಾರು ಜಾವಗಲ್ಲನ್ನು ದಾಟಿಯೇ ಬಿಟ್ಟಿತು, ಜೇನುಹುಟ್ಟಿನಂತೆ ಗುಂಯ್‌ಗುಡುತ್ತ ಹಳೇಬೀಡಿನ ಕೆರೆ ಏರಿಯ ಮೇಲೆ ಬಂದು ನಿಂತಿತು. ಅಲ್ಲಿ ಅವರ ಹೆಂಡತಿ ಗಂಗಾಂಬಿಕೆ ಕೂತಿದ್ದರು. ನಾಲ್ಕು ವರ್ಷದಿಂದ ಪ್ರತಿ ಭಾನುವಾರ ತಂಗಿಯ ಮನೆಗೆಂದು ಹೇಳಿ ಬೆಳಗಿನ ಬಸ್ಸು ಹತ್ತುತ್ತಿದ್ದ ಆಕೆ ಬಂದು ಕಾಯುತ್ತಿದ್ದುದು ಇಲ್ಲಿ. ಸೆರಗಿನ ಗಂಟಿನಿಂದ ನಾಲ್ಕು ನಿಂಬೆಹಣ್ಣು ತೆಗೆದು, ಒಂದೊಂದು ಚಕ್ರಕ್ಕೆ ಒಂದೊಂದು ಇಟ್ಟು, ಮುಂದಿನ ಸೀಟಿನಲ್ಲಿ ಕೂತು ಹೇಳಿದರು: "ಹೊರಡ್ಸಿ. ಇನ್ಮೇಲೆ ನಾನು ಬಸ್ಸು ಹತ್ತಲ್ಲ."